ಹದಿನೈದು ದಿನ ಶಾಲೆಯ ಹೊರಗೆ: ಅಮಾನತು ಮಗುವಿನ ಓದನ್ನು ಏನು ಮಾಡುತ್ತದೆ?

ಸಿಂಧನೂರು ತಾಲ್ಲೂಕಿನ ತಾಯಿ (ಚರ್ಚೆ ಆರಂಭಿಸಿದವರು)

ಎಲ್ಲರಿಗೂ ನಮಸ್ಕಾರ. ನಾನು ಸಿಂಧನೂರು ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಅಂಗನವಾಡಿ ಕಾರ್ಯಕರ್ತೆ. ನನ್ನ ಮಗ ಒಂಬತ್ತನೇ ತರಗತಿ ಓದುತ್ತಿದ್ದಾನೆ. ಎರಡು ತಿಂಗಳ ಹಿಂದೆ ಶಾಲೆಯ ನಲ್ಲಿಯ ಹತ್ತಿರ ಹುಡುಗರ ನಡುವೆ ಜಗಳವಾಗಿ ಒಬ್ಬ ಹುಡುಗನ ಹುಬ್ಬು ಒಡೆದು ಮೂರು ಹೊಲಿಗೆ ಬಿದ್ದವು. ತಳ್ಳಿದವರು ಇಬ್ಬರು, ಅವರಲ್ಲಿ ಒಬ್ಬ ನನ್ನ ಮಗ. ಅವನ ತಪ್ಪನ್ನು ನಾನು ಮುಚ್ಚಿಡುವುದಿಲ್ಲ. ಗಾಯವಾದ ಹುಡುಗನ ಮನೆಗೆ ಹೋಗಿ ಅವನ ತಾಯಿಯ ಮುಂದೆ ತಲೆ ತಗ್ಗಿಸಿ ನಿಂತು ಬಂದಿದ್ದೇನೆ, ಆಸ್ಪತ್ರೆಯ ಖರ್ಚನ್ನೂ ಕೊಟ್ಟಿದ್ದೇವೆ.

ಶಾಲೆಯವರು ಇಬ್ಬರನ್ನೂ 15 ದಿನ ಅಮಾನತು ಮಾಡಿದರು. ಕೈಗೆ ಯಾವ ಪತ್ರವನ್ನೂ ಕೊಡಲಿಲ್ಲ. "ನಾಳಿಂದ ಬರಬ್ಯಾಡ್ರಿ, ಹದಿನೈದು ದಿನ ಆದಮ್ಯಾಲ ನಿಮ್ಮಪ್ಪನ್ನ ಕರಕೊಂಡು ಬರ್ರಿ" ಎಂದು ಬಾಯಿ ಮಾತಿನಲ್ಲಿ ಹೇಳಿ ಕಳಿಸಿದರು. ಮೊದಲ ಎರಡು ದಿನ ನಾಚಿಕೆಯಿಂದ ಮನೆಯ ಹೊರಗೆ ಕಾಲಿಡಲಿಲ್ಲ. ಮೂರನೆಯ ದಿನ ಅವನ ಮಾವ ಬೈಕ್ ಗ್ಯಾರೇಜಿಗೆ ಕರೆದುಕೊಂಡು ಹೋದರು. ವಾರದ ಕೊನೆಗೆ ಆ ಹುಡುಗ ಎಣ್ಣೆ ಮೆತ್ತಿದ ಕೈಯಲ್ಲಿ 600 ರೂಪಾಯಿ ತಂದು ನನ್ನ ಮುಂದೆ ಇಟ್ಟಾಗ, ಸಂತೋಷಪಡಬೇಕೋ ಅಳಬೇಕೋ ತಿಳಿಯಲಿಲ್ಲ.

ಈಗ ಮರಳಿ ಶಾಲೆಗೆ ಹೋಗುತ್ತಿದ್ದಾನೆ. ಆದರೆ ಹೋಗುವವನು ಮೊದಲಿನ ಹುಡುಗನಲ್ಲ. ಮೊನ್ನೆ ಅವನ ಗಣಿತದ ನೋಟ್ ಪುಸ್ತಕ ತೆಗೆದು ನೋಡಿದೆ. ಬಹುಪದೋಕ್ತಿಗಳ ಪಾಠದ ನಡುವೆ, ಒಂದು ಲೆಕ್ಕದ ಎರಡನೆಯ ಸಾಲಿನಲ್ಲಿ ಬರಹ ನಿಂತುಹೋಗಿದೆ. ಅದರ ನಂತರ ನಾಲ್ಕು ಖಾಲಿ ಪುಟಗಳನ್ನು ಬಿಟ್ಟಿದ್ದಾನೆ, ಆಮೇಲೆ ಬರೆದುಕೊಳ್ಳೋಣವೆಂದು ಬಿಟ್ಟಿರಬೇಕು. ಆ ಪುಟಗಳು ಇಂದಿಗೂ ಖಾಲಿಯೇ ಇವೆ. ಮುಂದಿನ ಪುಟಗಳಲ್ಲಿ ಕಪ್ಪು ಹಲಗೆಯ ಮೇಲಿದ್ದುದನ್ನು ಹಾಗೆಯೇ ಇಳಿಸಿಕೊಂಡಿದ್ದಾನೆ, ಕೇಳಿದರೆ ಅರ್ಥ ಹೇಳಲಾರ. ಅವನು ಇಲ್ಲದ ದಿನಗಳಲ್ಲೇ ರೂಪಣಾತ್ಮಕ ಮೌಲ್ಯಮಾಪನವೂ, ಎಂದರೆ ವರ್ಷದ ನಡುವಿನ ಕಿರುಪರೀಕ್ಷೆಯೂ ಮುಗಿದಿದೆ.

ಒಂದು ಅಮಾನತು ಮಗುವಿನ ಓದನ್ನು ಇಷ್ಟು ಕೆಡಿಸಬಲ್ಲದೇ, ಅಥವಾ ಇದು ತಾಯಿಯ ಆತಂಕ ಮಾತ್ರವೇ? ಬಲ್ಲವರು ದಯವಿಟ್ಟು ತಿಳಿಸಬೇಕು.

ಗಂಗಾವತಿ ಭಾಗದ ಪ್ರೌಢಶಾಲಾ ಶಿಕ್ಷಕ

ಅಕ್ಕಾವರೇ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮಗನ ತಪ್ಪನ್ನು ಮೊದಲ ಸಾಲಿನಲ್ಲೇ ಒಪ್ಪಿಕೊಳ್ಳುವ ಪೋಷಕರು ನಮಗೆ ಸಿಗುವುದು ಅಪರೂಪ. ಆದರೂ ಶಿಕ್ಷಕರ ಕಡೆಯ ಮಾತನ್ನು ಹೇಳದೆ ಇರಲಾರೆ.

ನನ್ನ ತರಗತಿಯಲ್ಲಿ 64 ಮಕ್ಕಳಿದ್ದಾರೆ. ವಿಜ್ಞಾನಕ್ಕೆ ಈ ವರ್ಷವೂ ಅತಿಥಿ ಶಿಕ್ಷಕರೇ. ಮಕ್ಕಳ ಮೇಲೆ ಕೈ ಮಾಡಬಾರದು ಎಂಬ ಕಾನೂನು ಬಂದದ್ದು ಸರಿ, ಅದನ್ನು ನಾನು ಮನಸಾರೆ ಒಪ್ಪುತ್ತೇನೆ. ಆದರೆ ಕೋಲನ್ನು ಕೆಳಗಿಡಿ ಎಂದು ಹೇಳಿದವರು ಅದರ ಬದಲಿಗೆ ಆಪ್ತ ಸಮಾಲೋಚಕರನ್ನೋ, ಹೆಚ್ಚುವರಿ ಶಿಕ್ಷಕರನ್ನೋ, ಕನಿಷ್ಠ ಪಕ್ಷ ಸರಿಯಾದ ತರಬೇತಿಯನ್ನೋ ನಮ್ಮ ಕೈಗೆ ಕೊಡಲಿಲ್ಲ. ಒಬ್ಬ ಹುಡುಗ ಇನ್ನೊಬ್ಬನ ಹಲ್ಲು ಮುರಿದಾಗ, ಮುರಿಸಿಕೊಂಡವನ ತಂದೆ ಹತ್ತು ಜನರೊಂದಿಗೆ ಮುಖ್ಯ ಗುರುಗಳ ಕೊಠಡಿಯ ಬಾಗಿಲಲ್ಲಿ ನಿಂತಾಗ, ಆ ಇಬ್ಬರನ್ನೂ ಒಂದೇ ಬೆಂಚಿನ ಮೇಲೆ ಕೂರಿಸುವುದು ಹೇಗೆ? ಅಂಥ ಹೊತ್ತಿನಲ್ಲಿ ಅಮಾನತು ಎನ್ನುವುದು ನಮಗೆ ಉಳಿದಿರುವ ಒಂದೇ ದಾರಿಯಂತೆ ಕಾಣುತ್ತದೆ. ಅದರಿಂದ ಆ ಹುಡುಗನ ಕಲಿಕೆಗೆ ಪೆಟ್ಟು ಬೀಳುತ್ತದೆ ಎಂಬುದು ನಮಗೂ ಗೊತ್ತು. ಉಳಿದ 63 ಮಕ್ಕಳ ಕಲಿಕೆಯ ಹೊಣೆಯೂ ನಮ್ಮ ಮೇಲೆಯೇ ಇದೆ.

ಮಾನ್ವಿಯ ತಂದೆ

ನನ್ನ ಮಗಳ ಜಡೆಯನ್ನು ತರಗತಿಯಲ್ಲೇ ಕತ್ತರಿಸಿದ ಹುಡುಗನನ್ನು ಒಂದು ವಾರ ಹೊರಗಿಟ್ಟಿದ್ದರು. ಆ ವಾರ ನನ್ನ ಮಗಳು ನಿಶ್ಚಿಂತೆಯಿಂದ ಶಾಲೆಗೆ ಹೋದಳು. ಪೆಟ್ಟು ತಿಂದ ಮಕ್ಕಳ ಓದನ್ನೂ ಇಲ್ಲಿ ಲೆಕ್ಕಕ್ಕೆ ಹಿಡಿಯಬೇಕೆಂದು ಕೇಳಿಕೊಳ್ಳುತ್ತೇನೆ.

ಶಿಕ್ಷಣಶಾಸ್ತ್ರದ ಸಂಶೋಧನಾ ವಿದ್ಯಾರ್ಥಿನಿ, ಬಳ್ಳಾರಿ

ಶಿಕ್ಷಕರ ಮಾತಿನಲ್ಲೂ ಮಾನ್ವಿಯ ತಂದೆಯವರ ಮಾತಿನಲ್ಲೂ ಸತ್ಯವಿದೆ. ಅದಕ್ಕೇ ಈ ಪ್ರಶ್ನೆಯನ್ನು ಅನುಕಂಪದಿಂದಷ್ಟೇ ಅಲ್ಲ, ಇದುವರೆಗಿನ ಅಧ್ಯಯನಗಳು ಏನು ಹೇಳುತ್ತವೆ ಎಂಬುದರಿಂದಲೂ ನೋಡಬೇಕು. ಈ ವಿಷಯದ ಮೇಲೆ ಅತಿ ಹೆಚ್ಚು ಕೆಲಸ ನಡೆದಿರುವುದು ಅಮೆರಿಕದಲ್ಲಿ. ಅಲ್ಲಿ 1990ರ ದಶಕದಲ್ಲಿ ಶಾಲೆಗೆ ಬಂದೂಕು ತಂದವರನ್ನು ಹೊರಹಾಕಲೇಬೇಕೆಂಬ ಕಾನೂನು ಬಂದಿತು. ಆ ಕಠಿಣ ಮನೋಭಾವ ಕ್ರಮೇಣ ಎದುರು ಮಾತಾಡುವುದು, ತಡವಾಗಿ ಬರುವುದು ಮುಂತಾದ ಸಣ್ಣ ತಪ್ಪುಗಳಿಗೂ ಹಬ್ಬಿ, ಅಮಾನತು ಅಲ್ಲಿನ ಶಾಲೆಗಳ ನಿತ್ಯದ ವ್ಯವಹಾರವಾಯಿತು.

ಟೆಕ್ಸಾಸ್ ರಾಜ್ಯದಲ್ಲಿ ಏಳನೇ ತರಗತಿಯ ಸುಮಾರು 10 ಲಕ್ಷ ಮಕ್ಕಳನ್ನು ಕನಿಷ್ಠ ಆರು ವರ್ಷ ಹಿಂಬಾಲಿಸಿದ ಅಧ್ಯಯನವೊಂದು 2011ರಲ್ಲಿ ಪ್ರಕಟವಾಯಿತು. ಅವರಲ್ಲಿ ಶೇ 60ರಷ್ಟು ಮಕ್ಕಳು ಏಳರಿಂದ ಹನ್ನೆರಡನೇ ತರಗತಿಯೊಳಗೆ ಒಮ್ಮೆಯಾದರೂ ಅಮಾನತಾಗಿದ್ದರು ಅಥವಾ ಹೊರಹಾಕಲ್ಪಟ್ಟಿದ್ದರು. ಕಾನೂನೇ ಕಡ್ಡಾಯಪಡಿಸಿದ ತಪ್ಪುಗಳಿಗಾಗಿ ಹಾಗಾದದ್ದು ಶೇ 3ರಷ್ಟು ಪ್ರಕರಣಗಳಲ್ಲಿ ಮಾತ್ರ, ಉಳಿದದ್ದೆಲ್ಲ ಶಾಲೆಯವರ ವಿವೇಚನೆಗೆ ಬಿಟ್ಟದ್ದು. ಹೀಗೆ ಶಿಕ್ಷೆಗೊಳಗಾದ ಮಕ್ಕಳಲ್ಲಿ ಶೇ 31ರಷ್ಟು ಮಂದಿ ಒಮ್ಮೆಯಾದರೂ ಅದೇ ತರಗತಿಯಲ್ಲಿ ಉಳಿದರೆ, ಶಿಕ್ಷೆಗೊಳಗಾಗದವರಲ್ಲಿ ಆ ಪ್ರಮಾಣ ಶೇ 5 ಮಾತ್ರ. ಫ್ಲಾರಿಡಾದ ಒಂಬತ್ತನೇ ತರಗತಿಯ ಮಕ್ಕಳ ಮೇಲೆ ನಡೆದ ಇನ್ನೊಂದು ಅಧ್ಯಯನದಲ್ಲಿ, ಆ ವರ್ಷ ಒಂದೇ ಒಂದು ಸಲ ಅಮಾನತಾದವರು ಮುಂದೆ ಶಾಲೆ ಬಿಡುವ ಸಂಭವ ಶೇ 16ರಿಂದ ಶೇ 32ಕ್ಕೆ, ಎಂದರೆ ಎರಡು ಪಟ್ಟಿಗೆ ಏರಿದ್ದು ಕಂಡುಬಂದಿತು. ಅಕ್ಕ, ನಿಮ್ಮ ಮಗ ಇರುವುದೂ ಒಂಬತ್ತನೇ ತರಗತಿಯಲ್ಲೇ ಎಂಬ ಕಾರಣಕ್ಕೆ ಇದನ್ನು ಬರೆಯುತ್ತಿದ್ದೇನೆ, ಹೆದರಿಸುವುದಕ್ಕಲ್ಲ.

ಗಂಗಾವತಿ ಭಾಗದ ಪ್ರೌಢಶಾಲಾ ಶಿಕ್ಷಕ

ತಂಗಿ, ಇಲ್ಲಿ ಒಂದು ಆಕ್ಷೇಪವಿದೆ. ಅಮಾನತಾಗುವ ಮಕ್ಕಳು ಬಹುಮಟ್ಟಿಗೆ ಮೊದಲೇ ಓದಿನಲ್ಲಿ ಹಿಂದೆ ಬಿದ್ದವರು, ಮನೆಯಲ್ಲಿ ತೊಂದರೆ ಇರುವವರು, ಮೊದಲೇ ಹೆಚ್ಚು ಗೈರಾಗುತ್ತಿದ್ದವರು. ಅವರು ಮುಂದೆ ಅನುತ್ತೀರ್ಣರಾದರೆ ಅದಕ್ಕೆ ಅಮಾನತೇ ಕಾರಣವೆಂದು ಹೇಗೆ ಹೇಳುವುದು? ಜ್ವರ ಬಂದವನು ಆಸ್ಪತ್ರೆಗೆ ಹೋಗುತ್ತಾನೆ ಎಂದು ಜ್ವರಕ್ಕೆ ಆಸ್ಪತ್ರೆಯನ್ನು ದೂರಲಾಗುವುದಿಲ್ಲವಲ್ಲ.

ಶಿಕ್ಷಣಶಾಸ್ತ್ರದ ಸಂಶೋಧನಾ ವಿದ್ಯಾರ್ಥಿನಿ, ಬಳ್ಳಾರಿ

ಸರ್, ಈ ಆಕ್ಷೇಪ ಅತ್ಯಂತ ನ್ಯಾಯವಾದದ್ದು. ನಾನು ಮೇಲೆ ಹೇಳಿದ ಎರಡೂ ಅಧ್ಯಯನಗಳು ಮಕ್ಕಳ ಹಿನ್ನೆಲೆಯನ್ನು ಗಣನೆಗೆ ತೆಗೆದುಕೊಂಡಿದ್ದರೂ ಈ ಅನುಮಾನವನ್ನು ಪೂರ್ತಿಯಾಗಿ ತೊಡೆದುಹಾಕಲಾರವು. ಅದಕ್ಕಾಗಿಯೇ ಆಮೇಲಿನ ಸಂಶೋಧಕರು ಬೇರೆ ದಾರಿ ಹುಡುಕಿದರು.

ಉತ್ತರ ಕೆರೊಲಿನಾದ ಷಾರ್ಲಟ್ ಪ್ರದೇಶದಲ್ಲಿ 2002ರಲ್ಲಿ ಶಾಲೆಗಳ ಗಡಿಯನ್ನು ಹೊಸದಾಗಿ ಎಳೆಯಲಾಯಿತು. ಒಂದೇ ಬೀದಿಯ, ಹೆಚ್ಚುಕಡಿಮೆ ಒಂದೇ ಬಗೆಯ ಕುಟುಂಬಗಳ ಮಕ್ಕಳು ಗೆರೆಯ ಆಚೆ ಈಚೆ ಬೇರೆ ಬೇರೆ ಶಾಲೆಗಳ ಪಾಲಾದರು. ಕೆಲವು ಶಾಲೆಗಳು ಮಾತೆತ್ತಿದರೆ ಅಮಾನತು ಮಾಡುವಂಥವು, ಕೆಲವು ಹಾಗಲ್ಲ. ಇಲ್ಲಿ ಮಗುವಿನ ಸ್ವಭಾವ ಶಾಲೆಯನ್ನು ಆರಿಸಲಿಲ್ಲ, ಗಡಿರೇಖೆ ಆರಿಸಿತು. ಬಹಳ ಕಠಿಣವಾದ ಶಾಲೆಗೆ ಬಿದ್ದ ಮಕ್ಕಳು ದೊಡ್ಡವರಾದ ಮೇಲೆ ಬಂಧನಕ್ಕೋ ಸೆರೆವಾಸಕ್ಕೋ ಒಳಗಾಗುವ ಸಂಭವ ಶೇ 15ರಿಂದ 20ರಷ್ಟು ಹೆಚ್ಚಿತ್ತು, ನಾಲ್ಕು ವರ್ಷದ ಕಾಲೇಜಿಗೆ ಸೇರುವ ಸಂಭವ ಕಡಿಮೆಯಿತ್ತು. ಎಂದರೆ ಜ್ವರದ ಪಾಲು ಇದ್ದರೂ ಆಸ್ಪತ್ರೆಯ ಪಾಲೂ ಇದೆ.

ನಿಮ್ಮ 63 ಮಕ್ಕಳ ಮಾತಿಗೂ ಉತ್ತರ ಹುಡುಕಿದವರಿದ್ದಾರೆ. ಕೆಂಟಕಿ ರಾಜ್ಯದ ಶಾಲೆಗಳಲ್ಲಿ ನಡೆದು 2014ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಅಮಾನತು ವಿಪರೀತವಾಗಿರುವ ಶಾಲೆಯಲ್ಲಿ ಒಮ್ಮೆಯೂ ಅಮಾನತಾಗದ ಮಕ್ಕಳ ಗಣಿತ ಮತ್ತು ಓದಿನ ಅಂಕಗಳೂ ಕಾಲಕ್ರಮದಲ್ಲಿ ಕುಗ್ಗಿದವು. ಇಂದು ಪಕ್ಕದವನು ನಾಳೆ ನಾನು ಎಂಬ ಅಂಜಿಕೆಯಲ್ಲಿ ಕುಳಿತ ಮಗು ಪಾಠ ಕೇಳುವುದು ಕಷ್ಟ ಎಂಬುದು ನನ್ನ ಊಹೆ.

ಪ್ರಾಮಾಣಿಕವಾಗಿ ಇನ್ನೊಂದು ಮಾತನ್ನೂ ಹೇಳಬೇಕು. ಪೆನ್ಸಿಲ್ವೇನಿಯಾದ ಪಿಟ್ಸ್‌ಬರ್ಗಿನಲ್ಲಿ ಅಮಾನತಿನ ಬದಲು ಮಕ್ಕಳನ್ನು ಸುತ್ತ ಕೂರಿಸಿ, ತಪ್ಪು ಮಾಡಿದವರೂ ನೊಂದವರೂ ಮಾತಾಡಿ ಸಂಬಂಧ ಸರಿಪಡಿಸಿಕೊಳ್ಳುವ ಪದ್ಧತಿಯನ್ನು ತಂದು ಪರೀಕ್ಷಿಸಿದರು. ಅಮಾನತುಗಳು ಕಡಿಮೆಯಾದವು, ಶಾಲೆಯ ವಾತಾವರಣ ಸುಧಾರಿಸಿತೆಂದು ಶಿಕ್ಷಕರೂ ಹೇಳಿದರು. ಆದರೆ 2018ರಲ್ಲಿ ಬಂದ ಫಲಿತಾಂಶದ ಪ್ರಕಾರ ಅಂಕಗಳು ಏರಲಿಲ್ಲ, ಆರರಿಂದ ಎಂಟನೇ ತರಗತಿಯವರೆಗೆ ಇಳಿದವು. ಆದ್ದರಿಂದ ಅಮಾನತನ್ನು ನಿಲ್ಲಿಸಿಬಿಟ್ಟರೆ ಎಲ್ಲವೂ ತಾನಾಗಿ ಸರಿಹೋಗುತ್ತದೆ ಎಂದು ನಾನು ಹೇಳಲಾರೆ. ಅದರ ಜಾಗದಲ್ಲಿ ಏನನ್ನು ಇಡುತ್ತೇವೆ, ಅದಕ್ಕೆ ಎಷ್ಟು ಜನರನ್ನು, ಎಷ್ಟು ಸಮಯವನ್ನು ಕೊಡುತ್ತೇವೆ ಎಂಬುದರ ಮೇಲೆ ಎಲ್ಲವೂ ನಿಂತಿದೆ.

ಬಳ್ಳಾರಿಯ ಜೀನ್ಸ್ ಕೆಲಸಗಾರ

ನಾನು ಅಧ್ಯಯನ ಬಲ್ಲವನಲ್ಲ. ನನ್ನದೇ ಸಂಗತಿ ಬರೆಯುತ್ತೇನೆ.

ಹತ್ತನೇ ತರಗತಿಯಲ್ಲಿ ಮೊಬೈಲ್ ತಂದದ್ದಕ್ಕಾಗಿ ನನ್ನನ್ನು ಹತ್ತು ದಿನ ಹೊರಗಿಟ್ಟರು. ಅದು ಜನವರಿ ತಿಂಗಳು. ಸಿರುಗುಪ್ಪ ಕಡೆ ಮೆಣಸಿನಕಾಯಿ ಬಿಡಿಸುವ ಸುಗ್ಗಿ. ಅವ್ವ "ಮನ್ಯಾಗ ಕುಂತು ಏನ್ ಮಾಡ್ತಿ, ನಡಿ" ಎಂದು ತನ್ನ ಜೊತೆ ಕರೆದುಕೊಂಡು ಹೋದಳು. ಹತ್ತು ದಿನ ಮುಗಿದವು, ಆದರೆ ಮೇಸ್ತ್ರಿ ಮುಂಗಡ ಕೊಟ್ಟಿದ್ದರಿಂದ ಬಿಡಿಸುವ ಕೆಲಸ ಮುಗಿಯಲಿಲ್ಲ. ಒಂದು ತಿಂಗಳ ಮೇಲೆ ಶಾಲೆಗೆ ಹೋದಾಗ ಹಾಜರಾತಿ ಕಡಿಮೆ ಎಂದರು. ಎಸ್‌ಎಸ್‌ಎಲ್‌ಸಿ ಪರೀಕ್ಷೆಗೆ ಕೂರಲು ಶೇ 75 ಹಾಜರಿ ಬೇಕು ಎಂಬುದು ಅಂದೇ ನನಗೆ ಸರಿಯಾಗಿ ಅರ್ಥವಾದದ್ದು. ಮುಂದಿನ ವರ್ಷ ಖಾಸಗಿಯಾಗಿ ಕಟ್ಟು ಎಂದರು, ಕಟ್ಟಲಿಲ್ಲ. ಊರಲ್ಲಿ ನನ್ನ ಜೊತೆಯವರು ಪಿಯುಸಿಗೆ ಹೋಗುವಾಗ ನಾನು ಬಳ್ಳಾರಿಗೆ ಬಂದು ಜೀನ್ಸ್ ಪ್ಯಾಂಟಿಗೆ ಗುಂಡಿ ಹಚ್ಚುವ ಕೆಲಸಕ್ಕೆ ಸೇರಿದೆ. ಹನ್ನೊಂದು ವರ್ಷವಾಯಿತು.

ನನ್ನನ್ನು ಶಾಲೆಯಿಂದ ತೆಗೆದುಹಾಕಿದರು ಎಂದು ಯಾವ ದಾಖಲೆಯಲ್ಲೂ ಇಲ್ಲ. ನಾನೇ ಬಿಟ್ಟೆ ಎಂದಿದೆ. ಆ ಹತ್ತು ದಿನ ನನ್ನನ್ನು ಶಾಲೆಯ ಒಂದು ಮೂಲೆಯಲ್ಲಿ ಕೂರಿಸಿ ಕಸ ಹೊಡೆಸಿದ್ದರೂ ನಾನು ಪರೀಕ್ಷೆ ಬರೆಯುತ್ತಿದ್ದೆ ಎಂದು ಇಂದಿಗೂ ಅನ್ನಿಸುತ್ತದೆ.

ನಿವೃತ್ತ ಮುಖ್ಯ ಶಿಕ್ಷಕಿ, ಕುಷ್ಟಗಿ

ತಮ್ಮಾ, ನಿನ್ನ ಬರಹವನ್ನು ಓದಿ ಬಹಳ ಹೊತ್ತು ಸುಮ್ಮನೆ ಕುಳಿತಿದ್ದೆ. ಮೂವತ್ತೊಂದು ವರ್ಷ ಪಾಠ ಹೇಳಿದವಳು ನಾನು, ಅದರಲ್ಲಿ ಎಂಟು ವರ್ಷ ಮುಖ್ಯ ಶಿಕ್ಷಕಿ. ಮೊದಲ ಎರಡು ವರ್ಷ ನಾನೂ ಮಕ್ಕಳನ್ನು ಹೊರಗಿಟ್ಟಿದ್ದೇನೆ.

ಸಂಶೋಧನೆ ಮಾಡುತ್ತಿರುವ ಮಗಳು ಹೇಳಿದ ಊರುಗಳಲ್ಲಿ ಅಮಾನತಾದ ಮಗು ಮನೆಗೆ ಹೋಗಿ ಟಿ.ವಿ. ಮುಂದೆ ಕೂರಬಹುದು. ನಮ್ಮ ಕೊಪ್ಪಳ, ರಾಯಚೂರು, ಬಳ್ಳಾರಿ ಜಿಲ್ಲೆಗಳ ಮಗು ಹೋಗುವುದು ಬೇರೆ ಕಡೆಗೆ. ಗಂಗಾವತಿ, ಕಾರಟಗಿ, ಸಿಂಧನೂರಿನ ಕಾಲುವೆ ಭಾಗದಲ್ಲಿ ಭತ್ತದ ನಾಟಿ ಕಾದಿರುತ್ತದೆ, ರಾಯಚೂರು ಕಡೆ ಹತ್ತಿ ಬಿಡಿಸುವ ಕೂಲಿ ಕಾದಿರುತ್ತದೆ, ನಮ್ಮ ಮಳೆಯಾಶ್ರಿತ ಭಾಗದಲ್ಲಿ ಗುಳೆ ಹೋಗುವ ಲಾರಿ ಊರ ಮುಂದೆಯೇ ನಿಂತಿರುತ್ತದೆ. ಶಾಲೆ ಎರಡು ವಾರ ಬಾಗಿಲು ಹಾಕಿದರೆ ಅವರೆಲ್ಲರೂ ಬಾಗಿಲು ತೆರೆದು ನಿಂತಿರುತ್ತಾರೆ, ಮತ್ತು ಅವರು ದುಡ್ಡನ್ನೂ ಕೊಡುತ್ತಾರೆ. 2011ರ ಜನಗಣತಿಯಲ್ಲಿ ರಾಯಚೂರು ಜಿಲ್ಲೆಯ ಸಾಕ್ಷರತೆ ಶೇ 60ರ ಆಸುಪಾಸಿನಲ್ಲಿತ್ತು, ಹೆಣ್ಣುಮಕ್ಕಳಲ್ಲಿ ಅರ್ಧಕ್ಕಿಂತ ಕಡಿಮೆ. ಅಂಥ ಮನೆಗಳಿಂದ ಬರುವ ಮಗುವಿಗೆ, ಹದಿನೈದು ದಿನದ ಪಾಠವನ್ನು ಮನೆಯಲ್ಲಿ ಯಾರು ಹೇಳಿಕೊಡಬೇಕು?

ಊಟದ ಮಾತನ್ನು ಯಾರೂ ಎತ್ತಲಿಲ್ಲ. 2002ರಲ್ಲಿ ಅಕ್ಷರ ದಾಸೋಹ ಶುರುವಾದದ್ದು ನಮ್ಮ ಈ ಭಾಗದ ಜಿಲ್ಲೆಗಳಲ್ಲೇ, ಆಮೇಲೆ ಅದು ರಾಜ್ಯಕ್ಕೆಲ್ಲ ಹರಡಿ ಪ್ರೌಢಶಾಲೆಗೂ ಬಂದಿತು. ಅಮಾನತಾದ ದಿನ ಆ ಮಗುವಿನ ಬಿಸಿಯೂಟವನ್ನೂ, ಹಾಲನ್ನೂ ನಾವು ಅಮಾನತು ಮಾಡಿರುತ್ತೇವೆ. ಅದು ನನಗೆ ಹೊಳೆದದ್ದು ಒಬ್ಬ ಹುಡುಗಿಯಿಂದ. ಎಂಟನೇ ತರಗತಿಯವಳು, ಗೆಳತಿಯ ಪರವಾಗಿ ಸುಳ್ಳು ಸಹಿ ಹಾಕಿದ್ದಳು. ನಾನು ಒಂದು ವಾರ ಬರಬೇಡ ಎಂದಿದ್ದೆ. ಮೂರನೆಯ ದಿನ ಮಧ್ಯಾಹ್ನ ಊಟದ ಗಂಟೆ ಹೊಡೆದಾಗ ಕಾಂಪೌಂಡಿನ ಆಚೆ ತಟ್ಟೆಯನ್ನು ಲಂಗದ ಹಿಂದೆ ಮುಚ್ಚಿಕೊಂಡು ನಿಂತಿದ್ದಳು. ಒಳಗೆ ಕರೆದು ಊಟಕ್ಕೆ ಹಾಕಿಸಿದೆ. ಊಟವಾದ ಮೇಲೆ "ಮೇಡಮ್ಮರ, ಮನ್ಯಾಗ ಸಂಬಂಧ ನೋಡಾಕ ಹತ್ಯಾರ" ಎಂದಳು. ಹುಡುಗಿ ಶಾಲೆಯಿಂದ ಮನೆಗೆ ಬಂದಳೆಂದರೆ ಓದು ಮುಗಿಯಿತೆಂದೇ ಹಿರಿಯರು ಅರ್ಥ ಮಾಡಿಕೊಳ್ಳುತ್ತಾರೆ ಎಂಬುದು ನನ್ನ ತಲೆಗೇ ಬಂದಿರಲಿಲ್ಲ. ಅಂದೇ ಸಂಜೆ ಅವರ ಮನೆಗೆ ಹೋದೆ. ಅವಳ ವಯಸ್ಸು, ಕಾನೂನು, ಎಲ್ಲವನ್ನೂ ಹೇಳಿ ಮರುದಿನವೇ ಶಾಲೆಗೆ ಕರೆತಂದೆ. ಆಮೇಲಿನ ಆರು ವರ್ಷದಲ್ಲಿ ಒಂದು ಮಗುವನ್ನೂ ಮನೆಗೆ ಕಳಿಸಲಿಲ್ಲ.

ಹಾಗಾದರೆ ಶಿಕ್ಷೆಯೇ ಇರಲಿಲ್ಲವೇ ಎಂದು ಗಂಗಾವತಿಯ ಗುರುಗಳು ಕೇಳಬಹುದು. ಇತ್ತು. ಹೊಡೆದಾಡಿದವರನ್ನು ಬೇರೆ ಮಾಡಲೇಬೇಕು, ಮಾನ್ವಿಯ ಯಜಮಾನರ ಮಗಳು ನಿಶ್ಚಿಂತೆಯಿಂದ ಕೂರಲೇಬೇಕು. ಆದರೆ ಬೇರೆ ಮಾಡುವುದು ಬೇರೆ, ಹೊರಗೆ ಹಾಕುವುದು ಬೇರೆ. ತಪ್ಪು ಮಾಡಿದ ಮಗು ಎಂದಿನಂತೆ ಶಾಲೆಗೆ ಬರಬೇಕು, ತರಗತಿಯಲ್ಲಿ ಅಲ್ಲ, ನನ್ನ ಕೊಠಡಿಯ ಪಕ್ಕದ ಗ್ರಂಥಾಲಯದ ಮೇಜಿನಲ್ಲಿ ಕೂರಬೇಕು. ಕೈಯಲ್ಲಿ ಒಂದು ಚೀಟಿ. ಪ್ರತಿ ಅವಧಿಯ ಶಿಕ್ಷಕರು ಅಂದು ತರಗತಿಯಲ್ಲಿ ಮಾಡಿದ ಪಾಠ, ಪುಟ, ಲೆಕ್ಕವನ್ನು ಅದರಲ್ಲಿ ಎರಡು ಸಾಲು ಬರೆದು ಸಹಿ ಹಾಕಬೇಕು. ಸಂಜೆ ಆ ಕೆಲಸವನ್ನು ನಾನು ನೋಡುತ್ತಿದ್ದೆ. ಐದು ದಿನಕ್ಕಿಂತ ಹೆಚ್ಚು ಯಾರನ್ನೂ ಹಾಗೆ ಕೂರಿಸಲಿಲ್ಲ. ಮೊದಮೊದಲು ಸಹೋದ್ಯೋಗಿಗಳು ಇದು ತಮಗೆ ಶಿಕ್ಷೆ ಎಂದು ಗೊಣಗಿದರು, ಅವರ ಮಾತೂ ಸುಳ್ಳಲ್ಲ. ಆದರೆ ಮರಳಿ ತರಗತಿಗೆ ಹೋದ ಮಗುವಿಗೆ ಹಲಗೆಯ ಮೇಲಿನ ಲೆಕ್ಕ ಅರ್ಥವಾಗುತ್ತಿತ್ತು. ಅರ್ಥವಾಗದೆ ಕುಳಿತ ಹುಡುಗನೇ ಮತ್ತೆ ಗಲಾಟೆ ಮಾಡುತ್ತಾನೆ ಎಂಬುದನ್ನು ನಾವೆಲ್ಲರೂ ಕಂಡಿದ್ದೇವೆ.

ಪ್ರತಿ ವರ್ಷ ಶಾಲೆ ಶುರುವಾದಾಗ ಹಿಂದಿನ ತರಗತಿಯ ಕಲಿಕೆಯನ್ನು ಜೋಡಿಸಲು ಸೇತುಬಂಧ ಮಾಡುತ್ತೇವೆ, ನಿಧಾನವಾಗಿ ಕಲಿಯುವವರಿಗೆ ಪರಿಹಾರ ಬೋಧನೆ ಮಾಡುತ್ತೇವೆ. ನಾವೇ ಹದಿನೈದು ದಿನ ಹೊರಗಿಟ್ಟ ಮಗು ಮರಳಿ ಬಂದಾಗ ಅವನಿಗೊಂದು ಸೇತುಬಂಧ ಮಾಡಬೇಕೆಂದು ನಮಗೆ ಯಾಕೆ ಹೊಳೆಯುವುದಿಲ್ಲ?

ರಾಯಚೂರಿನ ವಕೀಲ

ಕಾನೂನಿನ ಭಾಗವನ್ನು ಸಂಕ್ಷಿಪ್ತವಾಗಿ ಹೇಳುತ್ತೇನೆ. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆಯ 16ನೇ ಕಲಮಿನ ಪ್ರಕಾರ, ಪ್ರಾಥಮಿಕ ಶಿಕ್ಷಣ, ಎಂದರೆ ಎಂಟನೇ ತರಗತಿ ಮುಗಿಯುವವರೆಗೆ ಯಾವ ಮಗುವನ್ನೂ ಶಾಲೆಯಿಂದ ಹೊರಹಾಕುವಂತಿಲ್ಲ. 2019ರ ತಿದ್ದುಪಡಿಯು ಐದು ಮತ್ತು ಎಂಟನೇ ತರಗತಿಯಲ್ಲಿ ಮಕ್ಕಳನ್ನು ಅನುತ್ತೀರ್ಣಗೊಳಿಸಲು ಅವಕಾಶ ಕೊಟ್ಟಿತೇ ಹೊರತು ಹೊರಹಾಕಲು ಕೊಡಲಿಲ್ಲ. 17ನೇ ಕಲಮು ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸುತ್ತದೆ. ಆದರೆ 16ನೇ ಕಲಮು ಹೊರಹಾಕುವುದರ ಬಗ್ಗೆ ಮಾತಾಡುತ್ತದೆ, ಕೆಲವು ದಿನಗಳ ಮಟ್ಟಿಗೆ ಮನೆಗೆ ಕಳಿಸುವುದರ ಬಗ್ಗೆ ಮಾತಾಡುವುದಿಲ್ಲ. ಅಲ್ಲದೆ ಕಾಯ್ದೆಯ ರಕ್ಷಣೆ 14 ವರ್ಷಕ್ಕೆ ನಿಲ್ಲುತ್ತದೆ. ನಮ್ಮ ಮಕ್ಕಳು ಹೆಚ್ಚು ಜಗಳವಾಡುವ, ಹೆಚ್ಚು ಶಾಲೆ ಬಿಡುವ ಒಂಬತ್ತು ಮತ್ತು ಹತ್ತನೇ ತರಗತಿಗಳು ಆ ಬೇಲಿಯ ಹೊರಗೆ ಉಳಿದಿವೆ. ಇದು ನನ್ನ ದೃಷ್ಟಿಯಲ್ಲಿ ಕಾನೂನಿನ ದೊಡ್ಡ ಕೊರತೆ.

ಸಿಂಧನೂರಿನ ತಾಯಿಯವರು ಗಮನಿಸಬೇಕಾದದ್ದು ಆ ಪತ್ರವಿಲ್ಲದ ಆದೇಶವನ್ನು. ಆರೋಪವೇನು, ಎಷ್ಟು ದಿನ, ಹುಡುಗ ಏನು ಹೇಳಿದ ಎಂಬ ಮೂರು ಸಂಗತಿಗಳು ಕಾಗದದ ಮೇಲೆ ಇರಬೇಕೆಂದು ಕೇಳುವುದು ಸಹಜ ನ್ಯಾಯ. ಅಮೆರಿಕದ ಸರ್ವೋಚ್ಚ ನ್ಯಾಯಾಲಯವು 1975ರಲ್ಲಿ, ಓಹಾಯೊ ರಾಜ್ಯದ ವಿದ್ಯಾರ್ಥಿಗಳ ಪ್ರಕರಣದಲ್ಲಿ, ಹತ್ತು ದಿನದೊಳಗಿನ ಅಮಾನತಿಗೂ ಮೊದಲು ಆರೋಪವನ್ನು ತಿಳಿಸಿ ವಿದ್ಯಾರ್ಥಿಯ ಮಾತನ್ನು ಕೇಳಲೇಬೇಕೆಂದು ಹೇಳಿತು. ಇಂಗ್ಲೆಂಡಿನಲ್ಲಿ ಒಂದು ಶೈಕ್ಷಣಿಕ ವರ್ಷದಲ್ಲಿ ಒಟ್ಟು 45 ದಿನಕ್ಕಿಂತ ಹೆಚ್ಚು ಅಮಾನತು ಮಾಡುವಂತಿಲ್ಲ. ಮೊದಲ ಐದು ದಿನ ಶಾಲೆಯೇ ಪಾಠದ ಕೆಲಸ ಕೊಟ್ಟು ತಿದ್ದಬೇಕು, ಆರನೆಯ ದಿನದಿಂದ ಬೇರೆ ಕಡೆ ಪೂರ್ಣಾವಧಿಯ ಶಿಕ್ಷಣದ ಏರ್ಪಾಡಾಗಬೇಕು. ಕುಷ್ಟಗಿಯ ಮೇಡಂ ಅವರು ಒಂದು ಚೀಟಿಯಿಂದ ಮಾಡಿದ್ದೂ ಇದನ್ನೇ.

ನೀವು ಜಗಳಕ್ಕೆ ಹೋಗಬೇಡಿ. ಮುಖ್ಯ ಗುರುಗಳಿಗೆ ಮತ್ತು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯಾದ ಎಸ್‌ಡಿಎಂಸಿಗೆ ಒಂದು ಪುಟದ ಮನವಿ ಕೊಡಿ: ತಪ್ಪಿಹೋದ ಪಾಠಗಳಿಗೆ ಪರಿಹಾರ ಬೋಧನೆ, ತಪ್ಪಿಹೋದ ಮೌಲ್ಯಮಾಪನಕ್ಕೆ ಇನ್ನೊಂದು ಅವಕಾಶ. ಅಲ್ಲಿ ಆಗದಿದ್ದರೆ ಕ್ಷೇತ್ರ ಶಿಕ್ಷಣಾಧಿಕಾರಿಗಳಿದ್ದಾರೆ. ಮಗುವಿಗೆ ಕಿರುಕುಳವಾಗುತ್ತಿದ್ದರೆ 1098 ಇದೆ.

ಎಸ್‌ಡಿಎಂಸಿ ಸದಸ್ಯ, ಕಂಪ್ಲಿ

ನಮ್ಮ ಶಾಲೆಯಲ್ಲಿ ಅಮಾನತಿನ ವಿಷಯ ಸಭೆಯ ಮುಂದೆ ಒಮ್ಮೆಯೂ ಬಂದಿಲ್ಲ. ಬಿಸಿಯೂಟದ ಅಕ್ಕಿ, ಕಟ್ಟಡದ ಸುಣ್ಣ, ಶೌಚಾಲಯದ ನೀರು ಬರುತ್ತವೆ. ಮುಂದಿನ ಸಭೆಯಲ್ಲಿ ನಾನೇ ಇದನ್ನು ಎತ್ತುತ್ತೇನೆ.

ಗಂಗಾವತಿ ಭಾಗದ ಪ್ರೌಢಶಾಲಾ ಶಿಕ್ಷಕ

ಮೇಡಂ ಅವರಿಗೆ ನಮಸ್ಕಾರಗಳು. ನಿನ್ನೆ ರಾತ್ರಿ ಹಾಜರಿ ಪುಸ್ತಕ ತೆಗೆದು ನೋಡಿದೆ. ಕಳೆದ ಮೂರು ವರ್ಷಗಳಲ್ಲಿ ನನ್ನ ತರಗತಿಯಿಂದ ಒಂದು ವಾರವೋ ಹೆಚ್ಚೋ ಅಮಾನತಾದವರು ಏಳು ಹುಡುಗರು. ಅವರಲ್ಲಿ ಎಸ್‌ಎಸ್‌ಎಲ್‌ಸಿ ಪರೀಕ್ಷೆಗೆ ಕುಳಿತವರು ಮೂವರು. ಏಳು ಮಕ್ಕಳಿಂದ ಏನನ್ನೂ ಸಾಧಿಸಿ ತೋರಿಸಲಾಗದು, ಅಮಾನತೇ ಕಾರಣವೆಂದು ಹೇಗೆ ಹೇಳುವುದು ಎಂದು ಮೊನ್ನೆ ತಂಗಿಗೆ ಆಕ್ಷೇಪ ಹೇಳಿದವನೂ ನಾನೇ. ಆದರೆ ಆ ನಾಲ್ವರು ಎಲ್ಲಿದ್ದಾರೆಂದು ಒಮ್ಮೆಯೂ ವಿಚಾರಿಸಿರಲಿಲ್ಲ ಎಂಬುದು ಆ ಪುಸ್ತಕ ಮುಚ್ಚಿದ ಮೇಲೆ ನನ್ನನ್ನು ಬಹಳ ಕಾಡಿತು.

ಲೆಕ್ಕವನ್ನೂ ಹಾಕಿದೆ. 15 ಕೆಲಸದ ದಿನಗಳೆಂದರೆ, ದಿನಕ್ಕೆ ಏಳು ಅವಧಿಯಂತೆ 105 ಅವಧಿಗಳು. ಅಷ್ಟು ಅವಧಿ ತಪ್ಪಿಸಿಕೊಂಡರೆ ನಾನೇ ವಿದ್ಯಾರ್ಥಿಯಾಗಿದ್ದರೂ ಹಿಡಿತ ಸಿಗುತ್ತಿರಲಿಲ್ಲ. ಗಣಿತದಲ್ಲಂತೂ ಒಂದು ಮೆಟ್ಟಿಲು ತಪ್ಪಿದರೆ ಮುಂದಿನದಕ್ಕೆ ಕಾಲು ಎಟಕುವುದಿಲ್ಲ. ಅಕ್ಕಾವರೇ, ನಿಮ್ಮ ಮಗನಿಗೆ ಬಹುಪದೋಕ್ತಿಯ ಅಪವರ್ತನಗಳನ್ನು ಮೊದಲು ಕಲಿಸಿ ಎಂದು ಅವನ ಗಣಿತ ಶಿಕ್ಷಕರಿಗೆ ಹೇಳಿ. ಉಳಿದದ್ದನ್ನು ನಿಧಾನವಾಗಿ ಹಿಡಿಯಬಹುದು, ಅದೊಂದು ಬಿಟ್ಟುಹೋದರೆ ಹತ್ತನೇ ತರಗತಿಯ ವರ್ಗ ಸಮೀಕರಣದಲ್ಲಿ ಸಿಕ್ಕಿಬೀಳುತ್ತಾನೆ. ಗ್ರಂಥಾಲಯದ ಮೇಜು ಮತ್ತು ಚೀಟಿಯ ಏರ್ಪಾಡನ್ನು ಈ ತಿಂಗಳಿಂದ ನಮ್ಮಲ್ಲೂ ಮಾಡಿ ನೋಡುವಂತೆ ಮುಖ್ಯ ಗುರುಗಳನ್ನು ಕೇಳಿದ್ದೇನೆ. ಗ್ರಂಥಾಲಯವಿಲ್ಲ, ಪ್ರಯೋಗಾಲಯದ ಮೂಲೆಯಲ್ಲಿ ಒಂದು ಮೇಜು ಸಿಗುತ್ತದೆ.

ಸಿಂಧನೂರು ತಾಲ್ಲೂಕಿನ ತಾಯಿ

ಎಲ್ಲರಿಗೂ ಕೃತಜ್ಞತೆಗಳು. ವಕೀಲರು ಹೇಳಿದಂತೆ ಒಂದು ಪುಟದ ಮನವಿ ಬರೆದುಕೊಂಡು ಸೋಮವಾರ ಶಾಲೆಗೆ ಹೋದೆ. ಮುಖ್ಯ ಗುರುಗಳು ಮೊದಲು ಮುಖ ಬಿಗಿಹಿಡಿದರು. ನಾನು ಮನವಿಯ ಜೊತೆ ಮಗನ ನೋಟ್ ಪುಸ್ತಕವನ್ನೂ ಮೇಜಿನ ಮೇಲೆ ತೆರೆದಿಟ್ಟೆ. ಆ ನಾಲ್ಕು ಖಾಲಿ ಪುಟಗಳನ್ನು ತಿರುವಿ ನೋಡಿ, ಗಣಿತದ ಗುರುಗಳನ್ನು ಅಲ್ಲಿಗೇ ಕರೆಸಿದರು. ಈಗ ಸಂಜೆ ಮುಕ್ಕಾಲು ಗಂಟೆ ಅವನನ್ನು ಕೂರಿಸಿಕೊಳ್ಳುತ್ತಿದ್ದಾರೆ. ಮೌಲ್ಯಮಾಪನಕ್ಕೂ ಇನ್ನೊಂದು ಅವಕಾಶ ಕೊಡುವುದಾಗಿ ಹೇಳಿದ್ದಾರೆ. ವಿಜ್ಞಾನದ ನೋಟ್ಸ್ ಬರೆದುಕೊಳ್ಳಲು ಪುಸ್ತಕ ಕೊಟ್ಟವನು ಹುಬ್ಬಿಗೆ ಹೊಲಿಗೆ ಹಾಕಿಸಿಕೊಂಡಿದ್ದ ಹುಡುಗನೇ. ಗ್ಯಾರೇಜಿನವರು ಭಾನುವಾರವಾದರೂ ಕಳಿಸಿ ಎಂದು ಹೇಳಿ ಕಳಿಸುತ್ತಿದ್ದಾರೆ, ಮಗನಿಗೂ ಹೋಗುವ ಮನಸ್ಸಿದೆ. ಈ ವರ್ಷ ಬೇಡ ಎಂದಿದ್ದೇನೆ.

ಇನ್ನೊಂದು ವಿಷಯಕ್ಕೆ ನಿಮ್ಮ ಸಹಾಯ ಬೇಕು. ಅಮಾನತಾದವರು ಇಬ್ಬರು ಎಂದು ಬರೆದಿದ್ದೆ. ಎರಡನೆಯ ಹುಡುಗ ಮರಳಿ ಬಂದಿಲ್ಲ. ಮನೆಗೆ ಹೋಗಿ ನೋಡಿದರೆ ಬೀಗ ಹಾಕಿತ್ತು. ಹದಿನೈದು ದಿನದ ನಡುವೆಯೇ ಇಡೀ ಸಂಸಾರ ಬೆಂಗಳೂರಿಗೆ ಕಟ್ಟಡ ಕೆಲಸಕ್ಕೆ ಹೋಗಿದೆಯಂತೆ. ಶಾಲೆ ನಡೆಯುವಾಗ ಅವನನ್ನು ಅಜ್ಜಿಯ ಹತ್ತಿರ ಬಿಟ್ಟು ಹೋಗುತ್ತಿದ್ದರು. ಈ ಸಲ ಹೇಗೂ ಶಾಲೆಯಿಲ್ಲವಲ್ಲ ಎಂದು ಅವನನ್ನೂ ಕರೆದುಕೊಂಡು ಹೋದರು ಎಂದು ಪಕ್ಕದ ಮನೆಯವರು ಹೇಳಿದರು. ಅವನ ಹೆಸರು ಹಾಜರಿ ಪುಸ್ತಕದಲ್ಲಿ ಹಾಗೆಯೇ ಇದೆ. ಅವನ ತಂದೆಯ ಮೊಬೈಲ್ ಸಂಖ್ಯೆ ಸಿಕ್ಕಿದೆ. ಏನು ಮಾಡಬಹುದು?

ನಿವೃತ್ತ ಮುಖ್ಯ ಶಿಕ್ಷಕಿ, ಕುಷ್ಟಗಿ

ಮಗಳೇ, ಮೊದಲು ತಂದೆಗೆ ನೀನೇ ಕರೆ ಮಾಡು. ಶಾಲೆಯವರ ಕರೆ ಎಂದರೆ ಹೆದರಿ ಕತ್ತರಿಸಬಹುದು, ನಿನ್ನ ಮಗನೂ ಅವರ ಮಗನ ಜೊತೆ ಹೊರಗಿದ್ದವನು ಎಂದರೆ ಮಾತಾಡುತ್ತಾರೆ. ಅಮಾನತು ಮುಗಿದಿದೆ, ಹುಡುಗನ ಹೆಸರು ತೆಗೆದಿಲ್ಲ ಎಂಬುದನ್ನು ಸ್ಪಷ್ಟವಾಗಿ ಹೇಳು, ಎಷ್ಟೋ ಮನೆಗಳಲ್ಲಿ ಅದೇ ಗೊತ್ತಿರುವುದಿಲ್ಲ. ಅಜ್ಜಿಯ ಹತ್ತಿರ ಕಳಿಸಲು ಒಪ್ಪಿದರೆ ಅದೇ ಒಳ್ಳೆಯದು. ಒಪ್ಪದಿದ್ದರೆ ಅವರು ಇರುವ ಜಾಗ ಯಾವುದು, ಹತ್ತಿರದ ಸರ್ಕಾರಿ ಪ್ರೌಢಶಾಲೆ ಯಾವುದು ಎಂದು ಕೇಳಿಕೋ. ಅವನ ವಿವರ ಇಲಾಖೆಯ ವಿದ್ಯಾರ್ಥಿ ದಾಖಲೆ ವ್ಯವಸ್ಥೆಯಾದ ಎಸ್‌ಎಟಿಎಸ್‌ನಲ್ಲಿ ಇದ್ದೇ ಇರುತ್ತದೆ, ಆ ಸಂಖ್ಯೆಯನ್ನು ನಿಮ್ಮ ಮುಖ್ಯ ಗುರುಗಳಿಂದ ಬರೆಸಿಕೊಂಡು ಇಟ್ಟುಕೋ. ಸಂಜೆ ಏಳರ ನಂತರ ಮಾಡು, ಕಟ್ಟಡ ಕೆಲಸದವರು ಅದಕ್ಕೆ ಮೊದಲು ಫೋನ್ ಎತ್ತುವುದಿಲ್ಲ.

ಸಿಂಧನೂರು ತಾಲ್ಲೂಕಿನ ತಾಯಿ

ಎರಡು ಸಲ ಮಾಡಿದೆ, ಎತ್ತಲಿಲ್ಲ. ಮೂರನೆಯ ಸಲ ಆ ಹುಡುಗನೇ ಎತ್ತಿದ. ನನ್ನ ಧ್ವನಿ ಗುರುತು ಹಿಡಿದು ಮೊದಲು ಕೇಳಿದ್ದು, "ಅಕ್ಕಾರ, ಅವನ ಹುಬ್ಬು ಮಾದೈತೇನ್ರಿ?" ಎಂದು. ಮಾದಿದೆ ಎಂದೆ. ಹಾಜರಿ ಪುಸ್ತಕದಲ್ಲಿ ನಿನ್ನ ಹೆಸರು ಇನ್ನೂ ಇದೆ ಎಂದೆ. ಸ್ವಲ್ಪ ಹೊತ್ತು ಮಾತಾಡಲಿಲ್ಲ, ಆಮೇಲೆ ಫೋನನ್ನು ಅಪ್ಪನ ಕೈಗೆ ಕೊಟ್ಟ. ಅವರು ಭಾನುವಾರ ಅಜ್ಜಿಯ ಜೊತೆ ಮಾತಾಡಿ ತಿಳಿಸುತ್ತೇನೆ ಎಂದಿದ್ದಾರೆ.